ಆರಿದ್ರಾ ಮಳೆ ಹಿಡಿದ ಮೇಲೆ ಜಗಲಿಯ ಕುಂಡದ ಗಿಡಗಳು ಕೊಳೆಯುತ್ತಿವೆ, ಏನು ಮಾಡಬೇಕು?

ಮಡಿಕೇರಿ_ಜಗಲಿ

ಎಲ್ಲರಿಗೂ ನಮಸ್ಕಾರ. ಊರು ಮಡಿಕೇರಿ, ಸುಮಾರು 1,150 ಮೀಟರ್ ಎತ್ತರ. ಪಡುವಣಕ್ಕೆ ಮುಖ ಮಾಡಿದ ಜಗಲಿ, ಹಂಚಿನ ಸೂರು. ಗಾಳಿ ಎದ್ದರೆ ಎರಚಲು ಗೋಡೆಯವರೆಗೂ ಬರುತ್ತದೆ.

ಇರುವ ಗಿಡಗಳು: ಆಂಥೂರಿಯಂ 4, ಬಿಗೋನಿಯಾ 6, ಜೆರೇನಿಯಂ 3, ಸ್ನೇಕ್ ಪ್ಲಾಂಟ್ 2, ಸಿಮೆಂಟ್ ಕುಂಡದಲ್ಲಿ ಒಂದು ಹೈಡ್ರೇಂಜಿಯಾ. ಮಿಶ್ರಣ ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರ. ತಳದಲ್ಲಿ ಎರಡು ಇಂಚು ಜಲ್ಲಿ. ಎಲ್ಲಾ ಕುಂಡಗಳ ಅಡಿಯಲ್ಲೂ ತಟ್ಟೆ ಇದೆ.

ಜೂನ್ ಎರಡನೇ ವಾರದಿಂದ ಒಂದು ತಂಬಿಗೆ ನೀರೂ ಹಾಕಿಲ್ಲ. ಆದರೂ ಬಿಗೋನಿಯಾ ಬುಡ ಮೆತ್ತಗಾಗಿದೆ, ಜೆರೇನಿಯಂ ಕಾಂಡ ಬುಡದಿಂದ ಮೇಲಕ್ಕೆ ಕಪ್ಪಾಗುತ್ತಿದೆ, ಆಂಥೂರಿಯಂನ ಹಳೆ ಎಲೆಗಳು ಹಳದಿ. ಮಣ್ಣಿನ ಮೇಲೆ ಬಿಳಿ ಬೂಷ್ಟು, ಹತ್ತಿರ ಹೋದರೆ ಹುಳಿ ವಾಸನೆ. ಈಗಲೇ ಎಲ್ಲವನ್ನೂ ಕಿತ್ತು ಹೊಸ ಮಣ್ಣಿಗೆ ಹಾಕಬೇಕಾ? ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕಾ?

ಕೊಪ್ಪದ_ಹಿತ್ತಿಲು

ಎಲ್ಲವನ್ನೂ ಕೀಳಬೇಡಿ. ಜಡಿಮಳೆಯಲ್ಲಿ ಬೇರು ಕೆದಕಿದರೆ ಗಾಯವಾದ ಕಡೆಯಿಂದಲೇ ಕೊಳೆ ಒಳಗೆ ಹೋಗುತ್ತದೆ. ಮೊದಲು ಯಾವುದು ಸಾಯುತ್ತಿದೆ, ಯಾವುದು ಉಸಿರುಗಟ್ಟಿದೆ ಅಂತ ಬೇರೆ ಮಾಡಿಕೊಳ್ಳಿ.

ನೀವು ನೀರು ಹಾಕಿಲ್ಲ ನಿಜ, ಆದರೆ ಕುಂಡದೊಳಗಿನ ನೀರು ಹೊರಗೂ ಹೋಗಿಲ್ಲ. ಬೇರಿಗೆ ಗಾಳಿ ಬೇಕು. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಸತ್ತ ಬೇರನ್ನು ಶಿಲೀಂಧ್ರ ತಿನ್ನುತ್ತದೆ. ಬೇಸಿಗೆಯಲ್ಲಿ ಎಲೆ ನೀರೆಳೆದು ಆವಿ ಮಾಡುವುದರಿಂದ ಕುಂಡ ತಾನೇ ಒಣಗುತ್ತದೆ. ಈಗ ಗಾಳಿಯಲ್ಲೇ ತೇವ ತುಂಬಿದೆ, ಬೆಳಕೂ ಇಲ್ಲ, ಎಲೆ ನೀರೆಳೆಯುವುದೇ ಇಲ್ಲ. ಹೀಗಾಗಿ ಬೆಂಗಳೂರಿನ ತಾರಸಿಗೆ ಬರೆದ ಕೋಕೋಪೀಟ್ ಮಿಶ್ರಣ ನಮ್ಮ ಕಡೆಗೆ ಹೊಂದುವುದಿಲ್ಲ. ಕೋಕೋಪೀಟ್ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ, ಎರೆಗೊಬ್ಬರದ ಕಣ ಇನ್ನೂ ನಯ. ಎರಡೂ ಸೇರಿದರೆ ಜುಲೈನಲ್ಲಿ ಒದ್ದೆ ಸ್ಪಂಜು.

ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ.

ತಟ್ಟೆಗಳನ್ನು ತೆಗೆದುಹಾಕಿ. ಅಕ್ಟೋಬರ್ ಮುಗಿಯುವವರೆಗೆ ಅವು ಬೇಡ. ಕುಂಡಗಳನ್ನು ನೆಲದಿಂದ ಮೇಲೆತ್ತಿ, ಎರಡು ಕೆಂಪುಕಲ್ಲಿನ ಮೇಲೆ ಹಲಗೆ ಹಾಸಿದರೂ ಸಾಕು. ನೆಲಕ್ಕೆ ಅಂಟಿ ಕೂತ ಕುಂಡದ ತೂತು ಮುಚ್ಚಿಹೋಗಿರುತ್ತದೆ, ಹುಳುವಿಗೂ ಅದೇ ಅಡಗುದಾಣ. ಆಮೇಲೆ ಪ್ರತಿ ಕುಂಡವನ್ನೂ ಒಂದು ಬದಿಗೆ 30 ಡಿಗ್ರಿಯಷ್ಟು ವಾಲಿಸಿ, ತೂತು ಅಂಚಿನಲ್ಲಿದ್ದರೆ ಅದು ಕೆಳಗೆ ಬರುವ ಹಾಗೆ ಹತ್ತು ನಿಮಿಷ ಹಿಡಿದಿಡಿ. ನಿಂತಿದ್ದಾಗ ಒಂದು ತೊಟ್ಟೂ ಬಿಡದ ಕುಂಡದಿಂದ ಅರ್ಧ ಲೋಟ ನೀರು ಇಳಿಯುತ್ತದೆ.

ಮಣ್ಣಿನ ಮೇಲಿನ ಬಿಳಿ ಬೂಷ್ಟು ಹೆದರುವಂಥದ್ದಲ್ಲ. ಅದು ಗೊಬ್ಬರ ತಿನ್ನುವ ಶಿಲೀಂಧ್ರ, ಗಿಡ ತಿನ್ನುವುದಲ್ಲ. ಮೇಲಿನ ಒಂದು ಸೆಂಟಿಮೀಟರ್ ಕೆರೆದು ತೆಗೆದು ದಪ್ಪ ಮರಳು ಹಾಕಿ. ನೀವು ಹೇಳಿದ್ದರಲ್ಲಿ ನನಗೆ ಕಾಳಜಿ ಆಗಿದ್ದು ಆ ಹುಳಿ ವಾಸನೆ. ಯಾವ ಕುಂಡದಿಂದ ವಾಸನೆ ಬರುತ್ತದೋ ಅದನ್ನು ಮಾತ್ರ ಬಿಚ್ಚಿ ನೋಡಿ.

ಹಾಳೆಟೋಪಿ

ಕೊಪ್ಪದ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಿಚ್ಚಿ ನೋಡೋದು ಅಂದ್ರೆ ಎಳೆಯೋದಲ್ಲ. ಬುಡದ ಎರಡೂ ಬದಿಗೆ ಬೆರಳು ಕೊಟ್ಟು ಕುಂಡ ತಲೆಕೆಳಗೆ ಮಾಡಿ, ಅಂಚನ್ನ ಕಟ್ಟೆಗೆ ಮೆಲ್ಲಗೆ ಕುಟ್ಟಿ. ಮಣ್ಣಿನ ಹೆಂಟೆ ಹಾಗೇ ಜಾರಿ ಬರುತ್ತೆ. ಹೊರಗಡೆ ಕಾಣೋ ಒಂದು ಬೇರನ್ನ ಎರಡು ಬೆರಳಲ್ಲಿ ಹಿಡಿದು ಸವರಿ. ಒಳ್ಳೆ ಬೇರು ಗಟ್ಟಿ ಇರುತ್ತೆ, ಬಿಳಿ ಅಥವಾ ತಿಳಿ ಕಂದು. ಕೊಳೆತದ್ದರ ಸಿಪ್ಪೆ ಕೈಗೆ ಲೋಳೆಯಾಗಿ ಕಳಚಿ ಬಂದು ಒಳಗೆ ಕೂದಲಿನಂಥ ದಾರ ಮಾತ್ರ ಉಳಿಯುತ್ತೆ. ಆ ದಾರ ಕಂಡ್ರೆ ಬೇರುಕೊಳೆ ಗ್ಯಾರಂಟಿ.

ಮೂಡಿಗೆರೆ_ಬೇರು

ಸರಿಯಾದ ಪರೀಕ್ಷೆ. ಬೇರು ಕೊಳೆಸುವ ಪಿಥಿಯಂ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗಳೆರಡೂ ಇದೇ ಲಕ್ಷಣ ತೋರಿಸುತ್ತವೆ. ಅಡಿಕೆಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ ತರುವುದು ಫೈಟಾಫ್ತೊರಾದ ಬಳಗವೇ, ಆದ್ದರಿಂದ ಮಲೆನಾಡಿನವರಿಗೆ ಇದು ಹೊಸ ಶತ್ರುವಲ್ಲ. ಈ ಗುಂಪಿನ ಬೀಜಾಣುಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಒಂದು ಕುಂಡದ ತಟ್ಟೆ ನೀರು ಪಕ್ಕದ ಕುಂಡಕ್ಕೆ ಹರಿದರೆ ರೋಗವೂ ಹರಿಯಿತು ಅಂತಲೇ ಲೆಕ್ಕ.

ಅರ್ಧಕ್ಕಿಂತ ಹೆಚ್ಚು ಬೇರು ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಮಣ್ಣು ಉದುರಿಸಿ, ಹರಿಯುವ ನೀರಿನಲ್ಲಿ ಬೇರು ತೊಳೆದು, ಲೋಳೆಯಾದದ್ದನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಪ್ರತಿ ಗಿಡ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಲೇಬೇಕು. ಬೇರು ಎಷ್ಟು ಕಡಿಮೆಯಾಯಿತೋ ಎಲೆಯನ್ನೂ ಅಷ್ಟೇ ಕಡಿಮೆ ಮಾಡಿ, ಇಲ್ಲದಿದ್ದರೆ ಉಳಿದ ಬೇರಿಗೆ ಹೊರೆ. ಗಾಳಿಯಾಡುವ ನೆರಳಿನಲ್ಲಿ ಎರಡು ಗಂಟೆ ಆರಲು ಬಿಟ್ಟು, ಬೇರಿನ ಮುದ್ದೆಗಿಂತ ಎರಡು ಬೆರಳಷ್ಟೇ ದೊಡ್ಡದಾದ ಕುಂಡಕ್ಕೆ ಹಾಕಿ. ಇಲ್ಲಿ ದೊಡ್ಡ ಕುಂಡವೇ ದೊಡ್ಡ ತಪ್ಪು: ಬೇರು ತಲುಪದ ಮಣ್ಣಿನಿಂದ ನೀರನ್ನು ಯಾರೂ ಎಳೆಯುವುದಿಲ್ಲ. ನಾಲ್ಕು ವಾರ ಗೊಬ್ಬರದ ಮಾತೇ ಬೇಡ.

ಜೆರೇನಿಯಂ ಕಾಂಡ ಬುಡದಿಂದ ಕಪ್ಪಾಗುತ್ತಿದ್ದರೆ ಆ ಗಿಡದ ಬುಡ ಹೋಯಿತು ಅಂತಲೇ ತಿಳಿಯಿರಿ. ಮೇಲಿನ ಹಸಿರು ತುದಿಯನ್ನು 8–10 ಸೆಂಟಿಮೀಟರ್ ಕತ್ತರಿಸಿ, ಕತ್ತರಿಸಿದ ಜಾಗ ಪೂರ್ತಿ ಬೆಳ್ಳಗಿದೆಯಾ ನೋಡಿ. ನಡುವೆ ಕಂದು ಚುಕ್ಕೆ ಕಂಡರೆ ಇನ್ನೂ ಮೇಲೆ ಕತ್ತರಿಸಿ. ಒಂದು ದಿನ ಒಣಗಲು ಬಿಟ್ಟು ಬರೀ ತೊಳೆದ ದಪ್ಪ ಮರಳಿಗೆ ಚುಚ್ಚಿ. ಬಿಗೋನಿಯಾಕ್ಕೂ ಇದೇ ದಾರಿ, ಅದರ ತುದಿ ಅರ್ಧ ದಿನ ಆರಿದರೆ ಸಾಕು.

ಮಡಿಕೇರಿ_ಜಗಲಿ

ತುಂಬಾ ಧನ್ಯವಾದ. ನೋಡಿದೆ. ಜೆರೇನಿಯಂ ಮೂರರಲ್ಲೂ ದಾರವೇ. ಬಿಗೋನಿಯಾ ಎರಡರಲ್ಲಿ ದಾರ, ನಾಲ್ಕರಲ್ಲಿ ಬೇರು ಗಟ್ಟಿ ಇದೆ. ಆಂಥೂರಿಯಂ ಬೇರು ಮೇಲೆ ಚೆನ್ನಾಗಿದೆ, ತಳದಲ್ಲಿ ಜಲ್ಲಿಗೆ ತಾಗುವ ಕಡೆ ಕೊಳೆತಿದೆ. ಇದೇ ಅರ್ಥವಾಗಲಿಲ್ಲ. ನೀರು ಬಸಿಯಲಿ ಅಂತಲೇ ಜಲ್ಲಿ ಹಾಕಿದ್ದು, ಅಲ್ಲೇ ಕೊಳೆತಿದ್ದು ಹೇಗೆ?

ಕೊಪ್ಪದ_ಹಿತ್ತಿಲು

ತಳಕ್ಕೆ ಜಲ್ಲಿ ಹಾಕಬೇಕು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು, ಆದರೆ ನಯವಾದ ಮಣ್ಣಿನ ಕೆಳಗೆ ಜಲ್ಲಿ ಕೆಡುಕೇ ಮಾಡುತ್ತದೆ. ಪಾತ್ರೆ ತೊಳೆಯುವ ಸ್ಪಂಜು ಒಂದನ್ನು ನೀರಿನಲ್ಲಿ ಅದ್ದಿ ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಹಿಂಡಲಿಲ್ಲ, ಏನೂ ಮಾಡಲಿಲ್ಲ, ಎತ್ತರ ಮಾತ್ರ ಹೆಚ್ಚಾಯಿತು. ಸ್ಪಂಜಿನ ಕೆಳ ಅಂಚಿನಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಯಾವಾಗಲೂ ಕಚ್ಚಿಕೊಂಡಿರುತ್ತದೆ. ಕುಂಡದ ಮಣ್ಣಿಗೂ ಇದೇ ನಿಯಮ.

ನಯವಾದ ಮಣ್ಣಿನಲ್ಲಿರುವ ನೀರು ಕೆಳಗಿನ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ತುಂಬಿದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಎರಡು ಇಂಚು ಜಲ್ಲಿ ಹಾಕಿದರೆ ಆ ಒದ್ದೆ ಪದರ ಎರಡು ಇಂಚು ಮೇಲೆ ಬಂದು ಬೇರಿನ ನಡುವೆಯೇ ಕೂರುತ್ತದೆ. ತೂತಿನ ಮೇಲೆ ಮಣ್ಣು ಸೋರದ ಹಾಗೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಜಾಲರಿಯ ತುಂಡು ಇಟ್ಟರೆ ಮುಗಿಯಿತು. ಜಲ್ಲಿಯನ್ನು ತಳಕ್ಕೆ ಸುರಿಯುವ ಬದಲು ಮಣ್ಣಿನ ಜೊತೆ ಕಲಸಿ, ಆಗ ಅದು ಕೆಲಸಕ್ಕೆ ಬರುತ್ತದೆ.

ಅಗಲ ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡ ಮಳೆಗಾಲಕ್ಕೆ ಒಳ್ಳೆಯದು ಅನ್ನುವುದಕ್ಕೂ ಇದೇ ಕಾರಣ.

ಹಾಳೆಟೋಪಿ

ಕುಂಡ ಬದಲಿಸದೆ ಆ ಒದ್ದೆ ಪದರ ಇಳಿಸೋಕೆ ಬತ್ತಿ ಹಾಕಿ. 8–10 ಮಿ.ಮೀ. ದಪ್ಪದ ಹೆಣೆದ ನೈಲಾನ್ ಹಗ್ಗ, ಒಂದು ಅಡಿ ಉದ್ದ. ತುದಿ ಬಿಚ್ಚಿ ಎಳೆ ಮಾಡಿ, ಒದ್ದೆ ಮಾಡ್ಕೊಂಡು, ತಳದ ತೂತಿಂದ ಕಡ್ಡಿಯಲ್ಲಿ ನಾಲ್ಕೈದು ಇಂಚು ಒಳಗೆ ತಳ್ಳಿ. ಉಳಿದದ್ದು ಕುಂಡದ ಕೆಳಗೆ ನೇತಾಡ್ಬೇಕು. ನೇತಾಡೋ ಭಾಗ ಹಲಗೆಗೆ ಅಂಟಿ ಮಡಚಿಕೊಂಡ್ರೆ ಪ್ರಯೋಜನ ಇಲ್ಲ, ಅದಕ್ಕೇ ಎರಡು ಹಲಗೆ ನಡುವೆ ಸಂದು ಬಿಟ್ಟು ಕುಂಡ ಕೂರಿಸಿ. ಹತ್ತಿ ಬತ್ತಿ ಬೇಡ, ತಿಂಗಳಿಗೆ ಕೊಳೆಯುತ್ತೆ.

ಹೊಸನಗರ_ಸೊಪ್ಪಿನಬೆಟ್ಟ

ಮಣ್ಣಿನ ಕುಂಡ ಉಸಿರಾಡುತ್ತದೆ, ಅದಕ್ಕೆ ಬದಲಾಯಿಸಿದರೆ ಸಾಲದೇ? ಪ್ಲಾಸ್ಟಿಕ್ ಕುಂಡದಿಂದಲೇ ಈ ತೊಂದರೆ ಅಲ್ಲವೇ?

ಮೂಡಿಗೆರೆ_ಬೇರು

ಫೆಬ್ರುವರಿಯಲ್ಲಿ ಈ ಮಾತು ಸರಿ. ಜುಲೈನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಗೋಡೆಯಿಂದ ಆವಿ ಹೋಗುವುದು ಬಹಳ ಕಡಿಮೆ. ಕುಂಡದ ಹೊರಮೈ ಪಾಚಿಗಟ್ಟಿದ್ದರೆ ಇನ್ನೂ ಕಡಿಮೆ. ಮಳೆಗಾಲದಲ್ಲಿ ಕುಂಡದ ಜಾತಿಗಿಂತ ಒಳಗಿನ ಮಿಶ್ರಣ, ಮೇಲಿನ ಚಾವಣಿ ಇವೆರಡೇ ಮುಖ್ಯ.

ಮಡಿಕೇರಿ_ಜಗಲಿ

ಹಾಗಾದರೆ ಮಿಶ್ರಣದ ಅಳತೆ ಕೊಡುತ್ತೀರಾ? ಕೋಕೋಪೀಟ್ ಪೂರ್ತಿ ಬಿಡಬೇಕಾ?

ಕೊಪ್ಪದ_ಹಿತ್ತಿಲು

ಒಂದೇ ಡಬ್ಬದಿಂದ ಅಳೆಯಿರಿ. ಹತ್ತು ಡಬ್ಬದ ಲೆಕ್ಕ:

ತೋಟದ ಕೆಂಪು ಮೇಲ್ಮಣ್ಣು 2
ಪುಡಿಪುಡಿಯಾಗುವಷ್ಟು ಕಳಿತ ಕೊಟ್ಟಿಗೆ ಗೊಬ್ಬರ 2
ಇಟ್ಟಿಗೆ ಚೂರು, ಕಡಲೆಕಾಳಿನ ಗಾತ್ರ 3
ಕರಿಯಾಗುವಂತೆ ಸುಟ್ಟ ಉಮಿ 2
ಇದ್ದಿಲಿನ ಚೂರು 1

ಇಟ್ಟಿಗೆ ಕುಟ್ಟಿದ ಮೇಲೆ ಜರಡಿ ಹಿಡಿಯುವುದನ್ನು ತಪ್ಪಿಸಬೇಡಿ. ಆ ಕೆಂಪು ಪುಡಿ ಒಳಗೆ ಹೋದರೆ ಚೂರುಗಳ ನಡುವಿನ ಸಂದು ಮುಚ್ಚಿ ಎಲ್ಲ ಶ್ರಮ ವ್ಯರ್ಥ. ಇಟ್ಟಿಗೆ ಸಿಗದಿದ್ದರೆ ಕಟ್ಟಡದವರ ಬೇಬಿ ಜಲ್ಲಿ ಆಗುತ್ತದೆ, ತೂಕ ಮಾತ್ರ ಹೆಚ್ಚು. ಎಂ ಸ್ಯಾಂಡ್ ಹಾಕುವುದಾದರೆ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಪ್ಲಾಸ್ಟರಿಂಗ್ ಮರಳು ಬೇಡವೇ ಬೇಡ.

ಉಮಿ ಬೂದಿಯಾಗಬಾರದು, ಆಕಾರ ಉಳಿದು ಕರಿಯಾಗಿರಬೇಕು. ಹೊಗೆಯಾಡುತ್ತಿರುವಾಗಲೇ ನೀರು ಚಿಮುಕಿಸಿ ನಿಲ್ಲಿಸಿ. ಬಿಳಿ ಬೂದಿ ಹೆಚ್ಚಾದರೆ ಮಿಶ್ರಣ ಕ್ಷಾರವಾಗುತ್ತದೆ. ಮನೆಯಲ್ಲಿ ಸುಡುಮಣ್ಣು ಮಾಡುವವರು ಮೇಲ್ಮಣ್ಣಿನ ಬದಲು ಅದನ್ನೇ ಹಾಕಬಹುದು, ಕಳೆ ಬೀಜ, ಗೊಣ್ಣೆಹುಳು ಎರಡರ ಕಾಟವೂ ತಪ್ಪುತ್ತದೆ.

ಇಷ್ಟು ಮಳೆ ಬೀಳುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗಿ ಮಣ್ಣು ಹುಳಿಯಾಗಿರುತ್ತದೆ (ಆಮ್ಲೀಯ). 10 ಲೀಟರ್ ಮಿಶ್ರಣಕ್ಕೆ 20 ಗ್ರಾಂ ಡಾಲೊಮೈಟ್ (ಈ ಎರಡೂ ಇರುವ ಸುಣ್ಣಕಲ್ಲಿನ ಪುಡಿ) ಸಾಕು. ನೀಲಿ ಹೈಡ್ರೇಂಜಿಯಾ, ಅಜೇಲಿಯಾ, ಕೆಮೆಲಿಯಾ ಇವಕ್ಕೆ ಮಾತ್ರ ಹಾಕಬೇಡಿ, ಇವು ಹುಳಿ ಮಣ್ಣು ಬಯಸುವ ಗಿಡಗಳು. ಬೇವಿನ ಹಿಂಡಿಯನ್ನು ಮೇ ತಿಂಗಳಲ್ಲೇ 10 ಲೀಟರಿಗೆ 30 ಗ್ರಾಂ ಸೇರಿಸಿ. ಮಳೆ ನಡುವೆ ಮೇಲಿಂದ ಉದುರಿಸಿದರೆ ಬೂಷ್ಟು ಹಿಡಿದು ನೊಣ ಸೇರುತ್ತದೆ.

ಪರೀಕ್ಷೆ ಹೀಗೆ: ಎಂಟು ಇಂಚಿನ ಕುಂಡ ತುಂಬಿಸಿ, ಚೆನ್ನಾಗಿ ನೆನೆಸಿ, ಒಂದು ಗಂಟೆ ಬಿಟ್ಟು ಮತ್ತೆ ಅರ್ಧ ಲೀಟರ್ ಒಮ್ಮೆಗೇ ಸುರಿಯಿರಿ. ಮೇಲೆ ನಿಂತ ನೀರು ಹತ್ತು ಸೆಕೆಂಡಿನಲ್ಲಿ ಮಾಯವಾಗಬೇಕು. ನಿಂತೇ ಇದ್ದರೆ ಇನ್ನೊಂದು ಡಬ್ಬ ಇಟ್ಟಿಗೆ ಚೂರು ಸೇರಿಸಿ.

ಕೋಕೋಪೀಟ್ ಇಷ್ಟವಿದ್ದರೆ ಬೇಸಿಗೆಯ ನೇತುಕುಂಡಗಳಿಗೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ತೆಂಗಿನ ಸಿಪ್ಪೆಯ ತುಂಡುಗಳೇ ವಾಸಿ.

ಸೀತಾಳೆ_ದಂಡೆ

ಆಂಥೂರಿಯಂಗೆ ಈ ಮಿಶ್ರಣವೂ ಗಟ್ಟಿಯೇ. ಅದು ಮೂಲದಲ್ಲಿ ಮರದ ಮೇಲೆ, ತರಗೆಲೆಯ ನಡುವೆ ಬೆಳೆಯುವ ಜಾತಿ, ಮಣ್ಣೇ ಬೇಕಿಲ್ಲ. ಒಂದು ಇಂಚಿನ ತೆಂಗಿನ ಸಿಪ್ಪೆ ತುಂಡು ಎರಡು ಪಾಲು, ಇದ್ದಿಲು ಒಂದು ಪಾಲು, ಇಟ್ಟಿಗೆ ತುಂಡು ಒಂದು ಪಾಲು. ಸಿಪ್ಪೆಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. ಕಾಫಿ ಬಣ್ಣದ ಒಗರು ನೀರು ಬಿಟ್ಟುಹೋಗದಿದ್ದರೆ ಹೊಸ ಬೇರಿನ ತುದಿ ಸುಡುತ್ತದೆ.

ಗಿಡ ಬೆಳೆದಂತೆ ಕಾಂಡ ಮೇಲೇರುತ್ತದೆ, ಕಾಂಡದಿಂದ ಹೊಸ ಬೇರು ಗಾಳಿಯಲ್ಲಿ ಚಾಚುತ್ತದೆ. ಆ ಬೇರಿನವರೆಗೆ ಸಿಪ್ಪೆ ತುಂಡು ಏರಿಸುತ್ತಾ ಬನ್ನಿ, ಆದರೆ ಎಲೆ ಹುಟ್ಟುವ ಸುಳಿ ಮುಚ್ಚಬಾರದು. ನೆರಳು 70–75 ಶೇಕಡಾ ಬೇಕು. ಎಲೆ ಕಡುಹಸಿರಾಗಿ, ತೊಟ್ಟು ಉದ್ದವಾಗಿ ಹೂ ಬಾರದಿದ್ದರೆ ಬೆಳಕು ಸಾಲದು. ಎಲೆ ಬಿಳಿಚಿಕೊಂಡರೆ ಬಿಸಿಲು ಹೆಚ್ಚು.

ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಲೆ, ಸುತ್ತ ಹಳದಿ ಬಳೆ ಕಂಡರೆ ಅದು ದುಂಡಾಣು ಅಂಗಮಾರಿ ಇರಬಹುದು. ಅದಕ್ಕೆ ಮದ್ದಿಲ್ಲ. ಎಲೆಯನ್ನು ತೊಟ್ಟಿನ ಸಮೇತ ತೆಗೆದು ಸುಡಿ. ಕಾಂಡಕ್ಕೆ ಇಳಿದಿದ್ದರೆ ಗಿಡವನ್ನೇ ತೆಗೆಯಿರಿ. ಹೂ ಕೊಯ್ಯುವ ಕತ್ತರಿಯಿಂದಲೇ ಇದು ಹೆಚ್ಚು ಹರಡುತ್ತದೆ.

ಮತ್ತೆ ಒಂದು ವಿಷಯ ಒತ್ತಿ ಹೇಳುತ್ತೇನೆ: ಆಂಥೂರಿಯಂಗೆ ಬೋರ್ಡೋ ಹೊಡೆಯಬೇಡಿ. ಅದಕ್ಕೆ ತಾಮ್ರ ಆಗಿಬರುವುದಿಲ್ಲ, ಎಲೆ ಸುಟ್ಟುಹೋಗುತ್ತದೆ. ಆರ್ಕಿಡ್, ಜರಿಗಿಡಗಳಿಗೂ ಬೇಡ.

ಹೊಸನಗರ_ಸೊಪ್ಪಿನಬೆಟ್ಟ

ಇದು ಗೊತ್ತಿರಲಿಲ್ಲ. ತೋಟಕ್ಕೆ ಹೊಡೆದು ಉಳಿದದ್ದನ್ನು ಅಂಗಳದ ಗಿಡಗಳಿಗೆಲ್ಲ ಚಿಮುಕಿಸುವ ರೂಢಿ ನಮ್ಮ ಕಡೆ ಇದೆ. ಹಾಗಾದರೆ ಯಾವುದಕ್ಕೆ ಹೊಡೆಯಬಹುದು?

ಮೂಡಿಗೆರೆ_ಬೇರು

ಗುಲಾಬಿಯ ಕಪ್ಪುಚುಕ್ಕೆಗೆ, ದಾಸವಾಳ, ನಿಂಬೆ, ಕುಂಡದ ಮೆಣಸಿನ ಬಳ್ಳಿಗೆ ಸರಿ. ಎಳೆ ಚಿಗುರಿದ್ದರೆ ಅರ್ಧ ಸಾಂದ್ರತೆ ಸಾಕು. ಬೋರ್ಡೋ ಅಂದರೆ ರೋಗ ಬರುವ ಮುಂಚಿನ ಕಾವಲು. ಕೊಳೆತ ಬೇರಿಗೆ ಎಲೆ ಮೇಲೆ ಬೋರ್ಡೋ ಹೊಡೆದರೆ ಏನೂ ಆಗದು, ಮಡಿಕೇರಿಯವರ ಮೊದಲ ಪ್ರಶ್ನೆಗೆ ಇದೇ ಉತ್ತರ.

ಮನೆ ಮಟ್ಟಕ್ಕೆ ಶೇಕಡಾ 1ರ ದ್ರಾವಣ ಎರಡು ಲೀಟರ್ ಮಾಡುವುದಾದರೆ: 20 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ನೀರಿಗೆ ಹಾಕಿ ಕರಗಿಸಿ. 20 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಿಂದ ಅರಳಿಸಿ, ಆರಿದ ಮೇಲೆ ಒಂದು ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸಿ. ಕಬ್ಬಿಣ, ತಗಡಿನ ಪಾತ್ರೆ ಬೇಡ. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಎಲೆ ಸುಡುತ್ತದೆ ಅಂತ ಅರ್ಥ. ಕೆಂಪು ಹತ್ತದವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಮುಗಿಸಬೇಕು, ಮರುದಿನಕ್ಕೆ ಕಣ ತಳ ಸೇರಿ ಅಂಟುವ ಗುಣ ಹೋಗುತ್ತದೆ. ಸಿಂಪಡಿಸಿದ ಮೇಲೆ ಎಲೆ ಒಣಗಲು ಹೊತ್ತು ಬೇಕು, ಮಳೆ ಬಿಟ್ಟು ಹೊಳವಾದ ದಿನ ನೋಡಿಕೊಳ್ಳಿ.

ಸಾಧ್ಯವಿದ್ದವರು ಮೇ ಕೊನೆಯಲ್ಲಿ ಟ್ರೈಕೋಡರ್ಮಾವನ್ನು (ಕೊಳೆರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಗೊಬ್ಬರದಲ್ಲಿ ಬೆಳೆಸಿ ಮಿಶ್ರಣಕ್ಕೆ ಸೇರಿಸಿ. ಗೋಣಿಕೊಪ್ಪ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ತಾಮ್ರ, ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಒಂದೇ ಮಣ್ಣಿಗೆ ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ಮಡಿಕೇರಿ_ಜಗಲಿ

ಎರಚಲು ತಡೆಯಲು ಜಗಲಿಗೆ ನೀಲಿ ಟಾರ್ಪಾಲ್ ಕಟ್ಟಿದ್ದೇವೆ. ಅದು ಕಟ್ಟಿದ ಮೇಲೆ ಗಿಡಗಳು ಉದ್ದುದ್ದ ಎಳೆದುಕೊಳ್ಳುತ್ತಿವೆ.

ಕೊಪ್ಪದ_ಹಿತ್ತಿಲು

ಬೆಳಕಿನ ಹಸಿವು. ಮೋಡ ಕವಿದ ದಿನಗಳಲ್ಲಿ ಮೊದಲೇ ಬೆಳಕು ಕಡಿಮೆ, ಟಾರ್ಪಾಲ್ ಉಳಿದದ್ದನ್ನೂ ತಿನ್ನುತ್ತದೆ. ಗಾಳಿಯೂ ನಿಲ್ಲುತ್ತದೆ, ಎಲೆ ಮೇಲಿನ ನೀರು ಆರುವುದಿಲ್ಲ. ಹಸಿರುಮನೆಗೆ ಹಾಕುವ 200 ಮೈಕ್ರಾನ್ ಪಾರದರ್ಶಕ ಹಾಳೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಕಟ್ಟಿ. ಮೇಲುಗಡೆ ಒಂದು ಅಡಿ, ಕೆಳಗಡೆ ಅರ್ಧ ಅಡಿ ತೆರೆದಿರಲಿ. ತೇವದ ಗಾಳಿ ಮೇಲಿನಿಂದ ಹೊರಹೋಗಬೇಕು. ಹಾಳೆ ಬೇಡವೆಂದರೆ ಶೇಕಡಾ 50ರ ನೆರಳು ಪರದೆ ಒಂದೇ ಪದರ ಕಟ್ಟಿದರೂ ಹನಿಯ ಹೊಡೆತ ಒಡೆದು ತುಂತುರಾಗುತ್ತದೆ.

ಸ್ನೇಕ್ ಪ್ಲಾಂಟ್, ಅಡೀನಿಯಂ, ಕಳ್ಳಿ ಇವನ್ನು ಮಳೆಗಾಲ ಪೂರ್ತಿ ಒಳಗಿನ ಕಿಟಕಿಯ ಪಕ್ಕ ಇಡಿ, ಗಾಜಿನಿಂದ ಎರಡು ಅಡಿಯೊಳಗೆ. ತಿಂಗಳಿಗೊಮ್ಮೆ ಒಂದು ಲೋಟ ನೀರು, ಅದೂ ಕುಂಡ ಎತ್ತಿ ನೋಡಿ ಹಗುರವಿದ್ದರೆ ಮಾತ್ರ. ಬೆರಳು ಚುಚ್ಚಿ ನೋಡಿದರೆ ಮೇಲಿನ ಒಂದಿಂಚು ತಿಳಿಯುತ್ತದೆ, ಎತ್ತಿದರೆ ಇಡೀ ಕುಂಡ ತಿಳಿಯುತ್ತದೆ.

ಶೃಂಗೇರಿ_ಡೇಲಿಯಾ

ಬಸವನಹುಳುವಿಗೆ ಯಾರಾದರೂ ದಾರಿ ಹೇಳಿ. ಡೇಲಿಯಾ ಚಿಗುರು ಒಂದು ರಾತ್ರಿಗೆ ಬೋಳಾಗುತ್ತಿದೆ. ಸುತ್ತ ಉಪ್ಪು ಹಾಕಿದರೆ ಗಿಡವೇ ಬಾಡಿತು.

ಹಾಳೆಟೋಪಿ

ಉಪ್ಪು ಮಣ್ಣಿಗೆ ಹಾಕ್ಬೇಡಿ ಅಕ್ಕಾ, ಹುಳಕ್ಕಿಂತ ಮೊದಲು ಗಿಡ ಹೋಗುತ್ತೆ. ಸುಣ್ಣದ ಗೆರೆನೂ ಒಂದು ಮಳೆಗೆ ತೊಳೆದು ಹೋಗುತ್ತೆ.

ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಹೊರಗಿನ ಎಲೆ ಇಡಿ. ಬೆಳಗ್ಗೆ ಬೆಳಕಾಗೋ ಮುಂಚೆ ಚೀಲ ಮಗುಚಿದ್ರೆ ಎಲ್ಲ ಅಲ್ಲೇ ಸೇರಿರುತ್ವೆ. ಬಕೆಟ್ಟಲ್ಲಿ ಲೀಟರಿಗೆ 200 ಗ್ರಾಂ ಉಪ್ಪು ಹಾಕಿದ ನೀರಿಗೆ ಹಾಕಿ, ಆಮೇಲೆ ಗುಂಡಿ ತೋಡಿ ಮುಚ್ಚಿ. ಹದಿನೈದು ದಿನ ಬಿಡದೆ ಮಾಡಿ, ಮೊಟ್ಟೆಯಿಂದ ಹೊಸದು ಬರ್ತಾ ಇರುತ್ತೆ. ದೊಡ್ಡ ಆಫ್ರಿಕನ್ ಬಸವನಹುಳು ಇದ್ರೆ ಬರಿಗೈಯಲ್ಲಿ ಮುಟ್ಟಲೇಬೇಡಿ, ಮಿದುಳಿಗೆ ಕಾಯಿಲೆ ತರೋ ಜಂತು ಅದರಲ್ಲಿರಬಹುದು. ಕೈಗವಸು ಹಾಕಿ, ಮಕ್ಕಳನ್ನ ದೂರ ಇಡಿ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತೆ, ಆದ್ರೆ ನಾಯಿ ತಿಂದ್ರೆ ನಾಯಿ ಉಳಿಯೋದು ಕಷ್ಟ. ಮನೇಲಿ ನಾಯಿ ಇದ್ರೆ ಅದು ಬೇಡ.

ಕೊಪ್ಪದ_ಹಿತ್ತಿಲು

ಡೇಲಿಯಾ ಬಗ್ಗೆ: ಗೆಡ್ಡೆ ನೆಡುವಾಗಲೇ ಗೂಟವನ್ನೂ ನೆಡಿ, ಆಮೇಲೆ ಹೊಡೆದರೆ ಗೆಡ್ಡೆಗೆ ತಾಗುತ್ತದೆ. ನೆಲದಿಂದ ಒಂದು ಅಡಿ ಎತ್ತರದ ಏರುಮಡಿ ಬೇಕು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಗೆಡ್ಡೆ ಬಿಡಿಸುವಾಗ ಪ್ರತಿ ಗೆಡ್ಡೆಗೂ ಹಳೆ ಕಾಂಡದ ಬುಡದ ಒಂದು ಚೂರು ಅಂಟಿರಬೇಕು. ಕಣ್ಣು ಇರುವುದು ಅಲ್ಲಿ, ಗೆಡ್ಡೆಯ ಮೈಮೇಲಲ್ಲ. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ.

ನೀಲಗಿರಿ_ಇಬ್ಬನಿ

ಊಟಿಯಿಂದ. ಇಲ್ಲಿ 2,240 ಮೀಟರ್, ನಮ್ಮ ಕಷ್ಟ ಮಳೆಗಿಂತ ಡಿಸೆಂಬರ್, ಜನವರಿಯ ಹಿಮಮಂಜು. ಫ್ಯೂಷಿಯಾ, ಬಿಗೋನಿಯಾ, ಇಂಪೇಷಿಯನ್ಸ್ ಒಂದು ರಾತ್ರಿಗೆ ಕಪ್ಪಾಗುತ್ತವೆ. ಗಾಳಿಯಿಲ್ಲದ, ಆಕಾಶ ತಿಳಿಯಾದ ಸಂಜೆ ಬಂದರೆ ಎಚ್ಚರವಾಗಬೇಕು. ತಣ್ಣನೆ ಗಾಳಿ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ಅಂಗಳದ ಕೆಳತುದಿಯ ಕುಂಡಗಳನ್ನು ಗೋಡೆಯ ಪಕ್ಕಕ್ಕೆ, ಸೂರಿನಡಿಗೆ ತಂದರೆ ಅರ್ಧ ಗೆದ್ದಂತೆ.

ಬಿಸಿಲಿರುವಾಗಲೇ ಮಣ್ಣಿಗೆ ನೀರು ಕೊಡಿ, ಒದ್ದೆ ಮಣ್ಣು ಹಗಲಿನ ಶಾಖ ಹಿಡಿದಿಡುತ್ತದೆ. ಎಲೆ ಒದ್ದೆ ಮಾಡಬೇಡಿ. ಸೂರ್ಯ ಮುಳುಗುವ ಮೊದಲೇ ಹಳೆ ಸೀರೆಯನ್ನೋ ಬೆಡ್‌ಶೀಟನ್ನೋ ಕೋಲುಗಳ ಮೇಲೆ ನೆಲ ಮುಟ್ಟುವ ಹಾಗೆ ಹೊದಿಸಿ. ಬಟ್ಟೆ ಎಲೆಗೆ ತಾಗಬಾರದು. ಪ್ಲಾಸ್ಟಿಕ್ ಹೊದಿಸಿದರೆ ತಾಗಿದ ಎಲೆಯೆಲ್ಲ ಸುಟ್ಟಂತಾಗುತ್ತದೆ. ಬೆಳಗ್ಗೆ ಎಂಟೂವರೆ ಹೊತ್ತಿಗೆ ತೆಗೆಯಿರಿ. ಕಪ್ಪಾದ ಕೊಂಬೆಯನ್ನು ತಕ್ಷಣ ಕತ್ತರಿಸಬೇಡಿ, ಫೆಬ್ರುವರಿ ಕೊನೆಯವರೆಗೆ ಅದೇ ಕೆಳಗಿನ ಮೊಗ್ಗಿಗೆ ಹೊದಿಕೆ.

ಸೀತಾಳೆ_ದಂಡೆ

ಕೊಡಗು, ಚಿಕ್ಕಮಗಳೂರಿನ ಕಡೆ ಮನೆಯಂಗಳಕ್ಕೆ ಹಿಮಮಂಜಿನ ಭಯ ಅಪರೂಪ, ಆದರೆ ಜನವರಿಯ ಒಣ ಚಳಿ ಇದೆ. ಎಲೆಯ ಅಂದಕ್ಕೆ ಬೆಳೆಸುವ ಅಗ್ಲೊನೀಮಾಕ್ಕೆ 15 ಡಿಗ್ರಿಗಿಂತ ಕೆಳಗೆ ಆಗಿಬರುವುದಿಲ್ಲ, ಎಲೆಯಲ್ಲಿ ಬೂದು ಕಪ್ಪು ತೇಪೆ ಬರುತ್ತದೆ. ಅದನ್ನು ರೋಗವೆಂದು ಮದ್ದು ಹೊಡೆಯುವವರಿದ್ದಾರೆ. ಒಳಗೆ ತನ್ನಿ, ಟ್ಯಾಂಕಿನ ಕೊರೆಯುವ ನೀರು ಹಾಕದೆ ಬಕೆಟ್ಟಿನಲ್ಲಿ ಹಿಡಿದಿಟ್ಟು ಮಧ್ಯಾಹ್ನಕ್ಕೆ ಹಾಕಿ. ಅದೇ ಒಣಗಾಳಿಗೆ ನುಸಿ, ಹಿಟ್ಟುತಿಗಣೆ ಏಳುತ್ತವೆ: ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಸೋಪಿನ ದ್ರಾವಣ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ, ವಾರಕ್ಕೊಮ್ಮೆ ಮೂರು ಸಲ.

ಮಡಿಕೇರಿ_ಜಗಲಿ

ತಟ್ಟೆ ತೆಗೆದು, ಬತ್ತಿ ಹಾಕಿ, ಟಾರ್ಪಾಲ್ ಬಿಚ್ಚಿದ್ದಾಯಿತು. ಹುಳಿ ವಾಸನೆ ನಿಂತಿದೆ. ಒಂದು ಪ್ರಶ್ನೆ ಉಳಿದಿದೆ. ಊರಿನ ಎಲ್ಲರ ಅಂಗಳದ ಹೈಡ್ರೇಂಜಿಯಾ ನೀಲಿ, ನಮ್ಮ ಕುಂಡದ್ದು ಮಾತ್ರ ಮಾಸಲು ಗುಲಾಬಿ. ಅದೇ ಗಿಡದ ಕಡ್ಡಿ ನೆಟ್ಟದ್ದು.

ಕೊಪ್ಪದ_ಹಿತ್ತಿಲು

ನಿಮ್ಮ ಮೊದಲ ಬರಹದಲ್ಲೇ ಉತ್ತರವಿತ್ತು, ಸಿಮೆಂಟ್ ಕುಂಡ. ಸಿಮೆಂಟಿನಿಂದ ಸುಣ್ಣದ ಅಂಶ ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ನೀಲಿ ಬಣ್ಣಕ್ಕೆ ಅಲ್ಯೂಮಿನಿಯಂ ಬೇಕು, ಅದು ಹುಳಿ ಮಣ್ಣಿನಲ್ಲಿ ಮಾತ್ರ ಬೇರಿಗೆ ಸಿಗುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ಅದಕ್ಕೆ ಕೊರತೆಯಿಲ್ಲ, ಸುಣ್ಣ ಅದನ್ನು ಕಟ್ಟಿಹಾಕಿದೆ ಅಷ್ಟೇ. ಎಲುಬಿನ ಪುಡಿ ಹಾಕುತ್ತಿದ್ದರೆ ನಿಲ್ಲಿಸಿ, ರಂಜಕವೂ ಅಲ್ಯೂಮಿನಿಯಂ ಅನ್ನು ಹಿಡಿದಿಡುತ್ತದೆ.

ಈಗ ಕುಂಡ ಬದಲಿಸಬೇಡಿ, ಸ್ವಾತಿ ಮಳೆ ಕಳೆಯಲಿ. ಹೂ ಮುಗಿದ ಕೂಡಲೇ, ಅಂದರೆ ಆಗಸ್ಟ್ ಒಳಗೆ, ಒಣಗಿದ ಹೂವಿನ ಕೆಳಗಿನ ಎರಡು ದಪ್ಪ ಮೊಗ್ಗಿನವರೆಗೆ ಮಾತ್ರ ಸವರಿ. ಜನವರಿಯಲ್ಲಿ ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ, ಮೊಗ್ಗು ಹಳೆ ಕಡ್ಡಿಯಲ್ಲೇ ಕಟ್ಟಿರುತ್ತದೆ. ನವೆಂಬರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಕುಂಡಕ್ಕೆ, ಡಾಲೊಮೈಟ್ ಇಲ್ಲದ ಮಿಶ್ರಣಕ್ಕೆ ಹಾಕಿ. ಫೆಬ್ರುವರಿಯಿಂದ ಹದಿನೈದು ದಿನಕ್ಕೊಮ್ಮೆ ನಾಲ್ಕು ಲೀಟರ್ ನೀರಿಗೆ 10 ಗ್ರಾಂ ಪಟಿಕ ಕರಗಿಸಿ, ಮೊದಲೇ ಒದ್ದೆಯಾದ ಮಣ್ಣಿಗೆ ಹೊಯ್ಯಿರಿ. ಒಣ ಮಣ್ಣಿಗೆ ಹೊಯ್ದರೆ ಬೇರು ಸುಡುತ್ತದೆ. ಅರಳಿದ ಹೂವಿನ ಬಣ್ಣ ಬದಲಾಗುವುದಿಲ್ಲ, ಮೊಗ್ಗು ಕಾಣುವ ಮೊದಲೇ ಶುರು ಮಾಡಬೇಕು. ಮೊದಲ ವರ್ಷ ಒಂದೇ ಗೊಂಚಲಿನಲ್ಲಿ ನೀಲಿ, ನೇರಳೆ, ಗುಲಾಬಿ ಮೂರೂ ಬೆರೆತು ಬಂದರೆ ಗಾಬರಿ ಬೇಡ, ಹಳೆ ಸುಣ್ಣ ಇನ್ನೂ ಪೂರ್ತಿ ಹೋಗಿಲ್ಲ ಅಂತ ಅಷ್ಟೇ.

ಹಾಳೆಟೋಪಿ

ಆ ಸಿಮೆಂಟ್ ಕುಂಡ ಎಸೀಬೇಡಿ. ಜೆರೇನಿಯಂ ತುದಿ ಬೇರು ಬಿಟ್ಟ ಮೇಲೆ ಅದಕ್ಕೇ ಹಾಕಿ, ಅದಕ್ಕೆ ಸುಣ್ಣ ಇರೋ ಮಣ್ಣು ಆಗಿಬರುತ್ತೆ. ತಳದ ತೂತು ಚಿಕ್ಕದಿದ್ರೆ ಡ್ರಿಲ್‌ನಲ್ಲಿ ಇನ್ನೆರಡು ತೂತು, ಅರ್ಧ ಇಂಚಿಂದು, ಅಂಚಿಗೆ ಹತ್ತಿರ ಮಾಡಿಸಿ.